ಕೊರಳ ಗುಂಡಿ

ಈ ಕಥೆ ನಡೆದ ಊರಿಗೆ ಯಾವ ನಕ್ಷೆಯಲ್ಲೂ ಚುಕ್ಕೆಯಿಲ್ಲ. ಚೀನಾ ದೇಶದ ಯಾವುದೋ ನದಿಯ ಎರಡು ದಂಡೆಗಳ ಮೇಲೆ ಅದು ಹರಡಿಕೊಂಡಿದೆ ಎಂದರೆ ಸಾಕು. ನದಿಯ ಹೆಸರನ್ನು ಅಲ್ಲಿನವರು ನನಗೆ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕಥೆಯನ್ನು ಹಲವು ಬಾಯಿಗಳಿಂದ ಕೇಳಿದ್ದೇನೆ. ಆಚೆ ದಂಡೆಯವರು ಹೇಳುವುದಕ್ಕೂ ಈಚೆ ದಂಡೆಯವರು ಹೇಳುವುದಕ್ಕೂ ಕೊನೆಯಲ್ಲಿ ವ್ಯತ್ಯಾಸವಿದೆ. ಒಪ್ಪದ ಕಡೆಯಲ್ಲೆಲ್ಲ ರುಯಿಲಾನ್ ಹೇಳಿದ್ದನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಆ ಕೋಟನ್ನು ತೊಟ್ಟವಳು ಅವಳು.

ಆ ಊರಿನಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು 'ಕೂತಿದ್ದೀರಾ?' ಎಂಬುದು. ಬೀಳ್ಕೊಡುವಾಗ 'ಕೂತಿರಿ' ಎನ್ನುತ್ತಾರೆ. ತರಕಾರಿ ಕೊಳ್ಳುವವರಿಗೂ ಸಂತೆಯಲ್ಲಿ ಒಂದು ಗಿಡ್ಡ ಮಣೆ ಇಟ್ಟಿರುತ್ತಾರೆ. ಕೂರದೆ ಚೌಕಾಸಿ ಮಾಡುವವನನ್ನು ಒರಟ ಎಂದುಕೊಳ್ಳುತ್ತಾರೆ. ಕೊನೆಯ ಪ್ರಯಾಣಿಕನಿಗೆ ಸೀಟು ಸಿಗುವವರೆಗೆ ಬಸ್ಸು ಹೊರಡುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಒಳಬಂದರೆ ಮಕ್ಕಳು ಏಳುವುದಿಲ್ಲ. ಜಗಳವಾಡುವ ಹೆಂಗಸರು ಒಬ್ಬರಿಗೊಬ್ಬರು ಕೊಡುವ ದೊಡ್ಡ ಶಾಪ 'ನಿಂತೇ ಹೋಗು' ಎಂಬುದು. ಯಾಕೆ ಹೀಗೆ ಎಂದು ಕೇಳಿದರೆ ನಾಲ್ಕು ಜೇಬಿನ ಕೋಟಿನ ಮಾತು ಬರುತ್ತದೆ.

ಹೊರಗಿನವರು ಚೊಂಗ್‌ಶಾನ್ ಕೋಟು ಎನ್ನುವುದು ಅದನ್ನೇ. ಬೂದಿ ಬೆರೆತ ನೀಲಿ ಬಣ್ಣ, ಎದೆಯ ಮೇಲೆ ಎರಡು ಜೇಬು, ಹೊಟ್ಟೆಯ ಮೇಲೆ ಎರಡು, ಮಡಚಿದ ಕಾಲರು, ಮುಂಭಾಗದಲ್ಲಿ ಐದು ಗುಂಡಿ. ಒಂದು ಕಾಲದಲ್ಲಿ ಊರನ್ನು ಆಳುತ್ತಿದ್ದ ಸಮಿತಿಯವರೆಲ್ಲ ಅದನ್ನು ತೊಡುತ್ತಿದ್ದರು. ಕೊರಳ ಗುಂಡಿಯೂ ಸೇರಿ ಐದೂ ಹಾಕಿದ ಕೋಟು ಕಣ್ಣಿಗೆ ಬಿದ್ದರೆ ಆ ಊರಿನವರ ಕಾಲು ತಾನಾಗಿ ನೆಟ್ಟಗಾಗುತ್ತದೆ. ಮುದುಕರಿರಲಿ, ಬಾಣಂತಿಯರಿರಲಿ, ಯಾರಿಗೂ ಕೂರಲು ಬರುವುದಿಲ್ಲ. ತೊಟ್ಟವರಿಗೂ ಬರುವುದಿಲ್ಲ. ಆ ಕಾಲ ಮುಗಿದಾಗ ಊರಿನವರು ಸಾಲಾಗಿ ಬಂದು, ಸಿಕ್ಕಿದ ಕೋಟುಗಳ ಕೊರಳ ಗುಂಡಿಯನ್ನೆಲ್ಲ ಕತ್ತರಿಸಿ ಕಣಜದ ಅಂಗಳದ ಹಾಳುಬಾವಿಗೆ ಸುರಿದರು. ಗುಂಡಿಯ ಕಾಜವನ್ನು ದಾರದಿಂದ ಹೊಲಿದು ಮುಚ್ಚಿದರು. ಅಂದಿನಿಂದ ಕೋಟು ಬರೀ ಕೋಟಾಯಿತು. ಈಗ ಪ್ರಾಯದವರು ಅದನ್ನು ಹುಡುಕಿ ಕೊಳ್ಳುತ್ತಾರೆ, ಕಾಲರನ್ನು ತೆರೆದು ಬಿಳಿ ಶೂ ಹಾಕಿಕೊಂಡು ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಹಿರಿಯರು ಮೊದಮೊದಲು ಮುಖ ತಿರುಗಿಸುತ್ತಿದ್ದರು, ಆಮೇಲೆ ಅದೂ ರೂಢಿಯಾಯಿತು.

ರುಯಿಲಾನ್ ಬೀದಿಯ ತುದಿಯಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನು ಮಾರುತ್ತಿದ್ದಳು. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತು ದಾಟಿತ್ತು, ಮನೆಯಲ್ಲಿ ತಂದೆಯೊಬ್ಬರೇ. ತಂದೆಯ ಹೆಸರು ಫಾಂಗ್ ದೆಶೆಂಗ್. ಮಣೆ, ಸ್ಟೂಲು, ಬೆಂಚು ಮಾಡುವ ಬಡಗಿಯಾದ್ದರಿಂದ ಊರಿಗೆಲ್ಲ ಮಣೆ ಫಾಂಗ್. ಆ ಚಳಿಗಾಲದ ಮೊದಲಲ್ಲಿ ಅವರು ನಲ್ಲಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ ಕಳಿಸಿದರು. ಮನೆಗೆ ಬಂದವರು ಕಿಟಕಿಯ ಬಳಿಯ ಕೈಕುರ್ಚಿಯಲ್ಲಿ ಕೂತರು. ಕೂತವರು ಮತ್ತೆ ಏಳಲಿಲ್ಲ.

"ಮೂಳೆ ಕೂಡಿಕೊಂಡಿದೆ," ಎಂದರು ಮನೆಗೆ ಬಂದು ನೋಡಿದ ಡಾಕ್ಟರು. ಅವರು ಮಾತನ್ನು ಮೆತ್ತಗೆ ಮಾಡುವವರಲ್ಲ. "ಕಾಲಲ್ಲಿ ಏನೂ ದೋಷ ಇಲ್ಲ. ಆದ್ರೆ ಹೀಗೇ ಕೂತಿದ್ರೆ ಕಾಲು ತನ್ನ ಕೆಲಸಾನೇ ಮರೆತುಬಿಡುತ್ತೆ. ಕಾಲಾದ ಮೇಲೆ ಎದೆ. ಈಗಲೇ ಕಫ ಕಟ್ತಾ ಇದೆ. ಎಬ್ಬಿಸಮ್ಮ, ಹೇಗಾದ್ರೂ ಮಾಡಿ ಎಬ್ಬಿಸು. ಬೇಸಿಗೆಯವರೆಗೆ ಕಾಯೋ ಹಾಗಿಲ್ಲ."

ಅವಳು ಏನೆಲ್ಲ ಮಾಡಿದಳು. ಅಂಗೈ ಹಿಡಿದು ಬೇಡಿದಳು, ಕಂಕುಳಿಗೆ ಕೈಕೊಟ್ಟು ಎತ್ತಿದಳು. ಎತ್ತಿದಾಗ ಅವರು ಅಕ್ಕಿಮೂಟೆಯಂತೆ ಭಾರವಾಗಿಬಿಡುತ್ತಿದ್ದರು. "ಆಗಲ್ಲ ಕಣಮ್ಮ," ಎನ್ನುತ್ತಿದ್ದರು, ಸಿಟ್ಟಿಲ್ಲದೆ, ಬೇಸರವೂ ಇಲ್ಲದೆ. ಸೊಂಟದ ಕೆಳಗೆ ಹುಣ್ಣಾಯಿತು. ಪಾದ ಊದಿ ನೀಲಿಗಟ್ಟಿತು. ಬನ್ನಿನ ಹಬೆಯ ಮುಂದೆ ಕೂತಿರುವಾಗಲೂ ಅವಳ ಕಿವಿಯಲ್ಲಿ ತಂದೆಯ ಕೆಮ್ಮೇ ತುಂಬಿರುತ್ತಿತ್ತು. ಗಿರಾಕಿ ಎಲೆಕೋಸಿನದು ಕೇಳಿದರೆ ಮಾಂಸದ್ದು ಕೊಡುತ್ತಿದ್ದಳು. ಮನೆಯ ಬಾಗಿಲು ತೆರೆಯುವ ಮುಂಚೆ ಪ್ರತಿ ಸಂಜೆ ಹೊಸ್ತಿಲಲ್ಲಿ ಒಂದು ಗಳಿಗೆ ತಡೆದು, ಒಳಗಿನಿಂದ ಕೆಮ್ಮು ಕೇಳಿಸಿದ ಮೇಲೆಯೇ ಬೀಗಕ್ಕೆ ಕೈಹಾಕುತ್ತಿದ್ದಳು.

ಆ ಯೋಚನೆ ಅವಳಿಗೆ ಬಂದದ್ದು ಸೇತುವೆಯ ಮೇಲೆ. ನಾಲ್ಕು ಜೇಬಿನ ಕೋಟು ತೊಟ್ಟ ಒಂದು ಜೋಡಿ ಫೋಟೋಗೆ ನಿಂತಿತ್ತು. ಅವಳು ಕಣ್ಣು ಕೆಳಗೆ ಹಾಕಿ ದಾಟಿದವಳು ಅರ್ಧ ಸೇತುವೆಯಲ್ಲಿ ಗಕ್ಕನೆ ನಿಂತಳು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋದ.

ಸೇತುವೆಯ ಕೆಳಗಿನ ಹಳೆಬಟ್ಟೆ ಸಂತೆಯಲ್ಲಿ ಲೆಯಿ ಎಂಬ ಹುಡುಗಿಯ ಅಂಗಡಿ ಇತ್ತು. ಅವಳು ರುಯಿಲಾನಳನ್ನು ಕಂಡೊಡನೆ ಮಣೆ ಸರಿಸಿದಳು.

"ಕೂತ್ಕೊಳ್ಳಿ ಅಕ್ಕಾ. ಯಾರಿಗೆ ಕೋಟು? ಮದುವೆಗಾ, ಫೋಟೋಗಾ? ಮದುವೆ ಅಂದ್ರೆ ನಿಮ್ಮದಾ?"

"ನನ್ನದೇ ಅಂತಿಟ್ಕೋ. ಗಂಡು ನೀನೇ ಹುಡುಕಿಕೊಡ್ತೀಯಾ?"

"ಕೋಟು ಕೊಡ್ತೀನಿ, ಒಳಗೆ ತುಂಬೋದು ನಿಮಗೆ ಬಿಟ್ಟಿದ್ದು," ಎಂದು ನಕ್ಕ ಲೆಯಿ ಒಂದರ ಮೇಲೊಂದು ಕೋಟು ಹರಡಿದಳು. "ಇದು ಉಣ್ಣೆದು. ಇದು ನೋಡಿ, ಪೆನ್ನಿನ ಕಲೆ ಇನ್ನೂ ಇದೆ, ಪಟ್ಟಣದವರು ಈ ಕಲೆಗೇ ಸಾಯ್ತಾರೆ. ಕಾಲರ್ ಮಾತ್ರ ತೆರೆದೇ ಹಾಕ್ಬೇಕು. ಅದೇ ಈಗಿನ ಸ್ಟೈಲು."

ರುಯಿಲಾನ್ ಒಂದೊಂದರ ಕಾಲರನ್ನೂ ಎತ್ತಿ ನೋಡಿದಳು. ಎಲ್ಲದರಲ್ಲೂ ಗುಂಡಿ ಇದ್ದ ಜಾಗದಲ್ಲಿ ದಾರದ ಮೊಳಕೆ, ಎದುರಿನ ಕಾಜ ಮುಚ್ಚಿದ ಕಣ್ಣಿನಂತೆ ಹೊಲಿದುಹೋಗಿತ್ತು. ಅವಳು ಮುಂದೆ ಬಾಗಿ ಕೇಳಿದಳು:

"ಐದು ಗುಂಡಿದು ಇದೆಯಾ?"

ಲೆಯಿಯ ನಗು ನಿಂತಿತು. ಚಾಚಿದ್ದ ಕಾಲನ್ನು ಅವಳು ಮಣೆಯ ಕೆಳಗೆ ಎಳೆದುಕೊಂಡಳು.

"ಹೊಸ ಗುಂಡಿ ಹೊಲ್ಕೊಂಡ್ರೆ ಏನೂ ಆಗಲ್ಲ ಅಕ್ಕಾ. ಪಡ್ಡೆ ಹುಡುಗರು ಅದನ್ನೆಲ್ಲ ಮಾಡಿ ನೋಡಿದಾರೆ."

"ಹೊಸದಲ್ಲ. ಹಳೇದೇ ಬೇಕು."

"ಯಾರನ್ನ ಏಳಿಸ್ಬೇಕಾಗಿದೆ?"

ಪ್ರಶ್ನೆ ಅಷ್ಟು ನೇರವಾಗಿ ಬರುತ್ತದೆಂದು ರುಯಿಲಾನ್ ಎಣಿಸಿರಲಿಲ್ಲ. ಲೆಯಿ ಕೋಟುಗಳನ್ನು ಮಡಚುತ್ತಾ, ಮಡಚುವ ಕೈಯನ್ನೇ ನೋಡುತ್ತಾ ಹೇಳಿದಳು: "ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡ್ಬೇಡಿ. ಉಪ್ಪಿನಕಾಯಿ ಚಿಯಾವ್ ಅಜ್ಜಿ ಇಲ್ವಾ, ಅವರ ಯಜಮಾನ್ರದ್ದು ಬಾವಿಗೆ ಬೀಳಲಿಲ್ಲ ಅಂತಾರೆ. ಅವರನ್ನ ಹೂಳುವಾಗ ಬೇರೆ ಅಂಗಿ ಹಾಕಿದ್ರಂತೆ. ಆ ಕೋಟೇ ಹಾಕಿದ್ರೆ ಹೊರೋಕೆ ಬಂದೋರು ಬಗ್ಗೋಕೂ ಆಗ್ದೆ ನೆಟ್ಟಗೆ ನಿಂತುಬಿಡ್ತಿದ್ರಂತೆ."

ಚಿಯಾವ್ ಅಜ್ಜಿ ಸಾಸಿವೆ ಸೊಪ್ಪನ್ನು ಉಪ್ಪಿನಲ್ಲಿ ಹಾಕಿ ಮಾರುವವಳು. ಅವಳ ಕೋಣೆಯ ಗೋಡೆಯುದ್ದಕ್ಕೂ ಜಾಡಿಗಳು, ಜಾಡಿಗಳ ನಡುವೆ ಅವಳು. ರುಯಿಲಾನ್ ಬಂದ ಕಾರಣವನ್ನು ಸುತ್ತಿಬಳಸಿ ಹೇಳಿದಳು: ಕಾಲು, ಕಫ, ಡಾಕ್ಟರು, ಬೇಸಿಗೆ. ಅಜ್ಜಿ ಕೇಳುತ್ತಲೇ ಒಂದು ಸೊಪ್ಪಿನ ದಂಟನ್ನು ಬಾಯಿಗೆ ಹಾಕಿ ಜಗಿದಳು.

"ಯಾರ ಮಗಳು ನೀನು?"

"ಮಣೆ ಫಾಂಗ್ ಅವರ ಮಗಳು."

ಅಜ್ಜಿಯ ದವಡೆ ನಿಂತಿತು.

"ಎದ್ದು ಹೋಗು ತಾಯಿ. ನನ್ನ ಹತ್ರ ಏನೂ ಇಲ್ಲ."

"ಇದೆ ಅಂತ ಗೊತ್ತಾಗೇ ಬಂದೆ ಅಜ್ಜೀ."

"ಇದ್ರೂ ನಿನಗಲ್ಲ. ನಿಮ್ಮಪ್ಪ ನಿನಗೆ ಏನೂ ಹೇಳಿಲ್ವಾ? ಹೇಳಿರಲ್ಲ, ಯಾರು ಹೇಳ್ತಾರೆ." ಅಜ್ಜಿ ಬಾಯಲ್ಲಿದ್ದ ದಂಟನ್ನು ನುಂಗಿದಳು. "ಊರಲ್ಲಿ ಯಾರೂ ಕೂರದೇ ಇರೋ ಕಾಲದಲ್ಲಿ ನಿಮ್ಮಪ್ಪ ಮಣೆ ಮಾಡ್ತಿದ್ರು. ಸಮಿತಿಯವರು ಕರೆಸಿ ಕೇಳಿದ್ರು, ಕೂರೋರೇ ಇಲ್ಲ, ಯಾರಿಗೆ ಮಾಡ್ತಿದೀಯಾ ಮಣೆ, ಅಂತ. ನಿಮ್ಮಪ್ಪ, ಮುಂದಕ್ಕೆ ಬೇಕಾಗುತ್ತೆ ಅಂದ್ರು. ಅಷ್ಟೇ ಅಂದದ್ದು. ಕಣಜದ ಅಂಗಳದಲ್ಲಿ ತಲೆ ತಗ್ಗಿಸಿ, ಕೈ ಹಿಂದಕ್ಕೆ ಹಿಡಿದು ನಿಲ್ಲಿಸಿದ್ರು. ಮಳೆ ಬಂತು, ನಿಂತೇ ಇದ್ರು. ಬಿಸಿಲು ಬಂತು, ನಿಂತೇ ಇದ್ರು. ಅವರ ಎದುರಿಗೆ ನಮ್ಮ ಯಜಮಾನ್ರೂ ನಿಂತಿದ್ರು, ಆ ಕೋಟಲ್ಲೇ. ನಿಲ್ಲಿಸೋನೂ ನಿಂತೇ ಇರ್ಬೇಕಲ್ಲ. ಈಗ ಹೇಳು, ಬೇಕಾ?"

ತಂದೆಯ ಪಾದ ರುಯಿಲಾನಳ ಕಣ್ಣಮುಂದೆ ಬಂತು. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುವ ಪಾದ.

"ಬೇರೆ ಕೋಟು ಊರಲ್ಲಿದೆಯಾ ಅಜ್ಜೀ?"

"ಇಲ್ಲ."

"ಹಾಗಾದ್ರೆ ಬೇಕು."

ಅಜ್ಜಿ ಮೂಲೆಯ ಖಾಲಿ ಜಾಡಿಯೊಂದರ ಮುಚ್ಚಳ ತೆಗೆದು, ಮೊಣಕೈಯವರೆಗೆ ಕೈಯಿಳಿಸಿ, ಎಣ್ಣೆಕಾಗದದ ಗಂಟೊಂದನ್ನು ಎತ್ತಿದಳು. ಕೋಟು ಉಪ್ಪು ಮತ್ತು ಸಾಸಿವೆ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಕೊರಳ ಗುಂಡಿ ತನ್ನ ಜಾಗದಲ್ಲಿತ್ತು, ಕಾಜ ತೆರೆದೇ ಇತ್ತು.

"ಒಂದು ಮಾತು ಕೇಳು. ಈ ಗುಂಡಿ ಹಾಕ್ಕೊಳ್ಳೋದು ನಿನ್ನ ಕೈಲಿದೆ, ಬಿಚ್ಚೋದು ಇಲ್ಲ. ತೊಟ್ಟೋರ ಬೆರಳಿಗೆ ಅದು ಸಿಗಲ್ಲ. ಎದುರಿಗೆ ನಿಂತೋರು ಬಿಚ್ಬೇಕು, ಮನಸ್ಸಿಟ್ಟು ಬಿಚ್ಬೇಕು. ನಮ್ಮ ಯಜಮಾನ್ರು ದಿನಾ ಸಂಜೆ ಬಂದು ನನ್ನ ಮುಂದೆ ಕತ್ತು ಚಾಚೋರು. ನಾನು ಬಿಚ್ಚಿದ ಮೇಲೇ ಇಬ್ಬರೂ ಕೂತು ಉಣ್ಣೋದು. ಒಂದು ಸಲ ಸಿಟ್ಟಲ್ಲಿ ಬಿಚ್ಚಲ್ಲ ಅಂದೆ. ಒಲೆ ಮೇಲೆ ಅನ್ನ ಸೀದು ಕರಿಕಲಾಗೋವರೆಗೂ ಇಬ್ಬರೂ ಕಂಬದ ಹಾಗೆ ನಿಂತಿದ್ವಿ." ಅಜ್ಜಿ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. "ನಿನಗೆ ಯಾರು ಬಿಚ್ತಾರೆ?"

"ಅಪ್ಪ ಬಿಚ್ತಾರೆ. ನನ್ನ ಅಪ್ಪ ಅಲ್ವಾ."

ಕೋಟಿಗೆ ಬದಲಾಗಿ ಏನು ಕೊಡಲಿ ಎಂದು ಕೇಳಿದಾಗ ಅಜ್ಜಿ, "ನಿಮ್ಮಪ್ಪ ಮಾಡಿದ ಒಂದು ಮಣೆ ತಂದುಕೊಡು," ಎಂದಳು. "ಆವತ್ತಿಂದ ಕೇಳೋಕೆ ಬಾಯಿ ಬಂದಿಲ್ಲ."

ಮಾರನೆಯ ಮಧ್ಯಾಹ್ನ ರುಯಿಲಾನ್ ಬನ್ನಿನ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯಲ್ಲಿ ಹಸಿ ಬಾಣಂತಿಯಿದ್ದಳು, ಎದುರು ಮನೆಯಲ್ಲಿ ಕಣ್ಣು ಚುರುಕಾದ ಮುದುಕರಿದ್ದರು. ಆದ್ದರಿಂದ ಬಾಗಿಲಿಗೆ ಅಗಳಿ ಹಾಕಿದಳು, ಕಿಟಕಿಗೆ ಹೊದಿಕೆ ಇಳಿಬಿಟ್ಟಳು. ಹೊದಿಕೆಯ ಅಂಚಿನಲ್ಲಿ ಬೆಳಕಿನ ಗೆರೆ ಕಂಡಿತೆಂದು ಮತ್ತೆ ಹೋಗಿ ಸರಿಮಾಡಿದಳು, ಮತ್ತೊಮ್ಮೆ ಸರಿಮಾಡಿದಳು.

"ಬೆಳಕು ಯಾಕೆ ಮುಚ್ತಿದೀಯಾ?" ಎಂದರು ತಂದೆ.

"ಗಾಳಿ ಅಪ್ಪಾ."

ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖಮಾಡಿ ಕೋಟು ತೊಟ್ಟಳು. ಅದು ಅವಳಿಗೆ ದೊಡ್ಡದು. ತೋಳು ಬೆರಳಿನ ತುದಿಯವರೆಗೆ ಬಂತು. ಕೆಳಗಿನ ನಾಲ್ಕು ಗುಂಡಿ ಹಾಕಿದಳು. ಐದನೆಯದು ಬೆರಳಿನಿಂದ ಎರಡು ಸಲ ಜಾರಿತು. ಅದು ಕಾಜದೊಳಗೆ ಹೊಕ್ಕಾಗ ಮೊಣಕಾಲಿನ ಚಿಪ್ಪು ಬಿಗಿದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಅಷ್ಟೇ. ಬೇರೇನೂ ಆಗಲಿಲ್ಲ. ಅವಳು ನಡುಮನೆಗೆ ಬಂದಳು.

ಫಾಂಗ್ ದೆಶೆಂಗ್ ತಲೆಯೆತ್ತಿದರು, ಮತ್ತು ಎದ್ದರು.

ಕುರ್ಚಿಯ ಕೈ ಹಿಡಿಯಲಿಲ್ಲ, ನರಳಲಿಲ್ಲ. ಯಾರೋ ಮೇಲಿನಿಂದ ದಾರ ಎಳೆದಂತೆ ನೇರವಾಗಿ ಎದ್ದು ನಿಂತರು. ರುಯಿಲಾನಳ ಎದೆ ಸಂತೋಷದಿಂದ ಒಡೆಯುವಂತಾಯಿತು. "ಅಪ್ಪಾ!" ಎಂದಳು. "ನೋಡಿ, ನಿಂತಿದ್ದೀರಾ! ಎರಡು ಹೆಜ್ಜೆ ಹಾಕಿ ನೋಡೋಣ."

ಅವರು ನಡೆದರು. ಊದಿದ ಪಾದ ನೆಲಕ್ಕೆ ಬಡಿಯುತ್ತಾ ಕಿಟಕಿಯಿಂದ ಬೀರುವಿನವರೆಗೆ ನಡೆದರು.

"ಇನ್ನೊಂದು ಸಲ. ತಿರುಗಿ ಬನ್ನಿ."

ತಿರುಗಿ ಬಂದರು.

"ಇನ್ನೊಂದು ಸಲ ಅಪ್ಪಾ. ಮಂಡಿ ಮಡಚಿ, ಡಾಕ್ಟರು ಹೇಳಿದ ಹಾಗೆ. ಹಾಗಲ್ಲ, ಸರಿಯಾಗಿ."

ಆ 'ಸರಿಯಾಗಿ' ಎಂಬ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ರುಯಿಲಾನ್ ನನ್ನ ಮುಂದೆ ಹೇಳುವಾಗಲೂ ಆಶ್ಚರ್ಯಪಟ್ಟಳು. ಕೋಟು ಅದನ್ನು ಆಡಿಸಿತು ಎಂದು ಆಚೆ ದಂಡೆಯವರು ಹೇಳುತ್ತಾರೆ. ಅವಳು ಹಾಗೆ ಹೇಳಲಿಲ್ಲ. ಇಷ್ಟು ದಿನದ ಬೇಡಿಕೆ, ಇಷ್ಟು ದಿನದ ಅಳು, ಒಂದೇ ಮಾತಿಗೆ ಎಲ್ಲ ನಡೆಯುತ್ತಿತ್ತು. ಅದು ಹಿತವಾಗಿತ್ತು ಎಂದಳು. ಅವಳು ಅವರನ್ನು ಮತ್ತೆ ನಡೆಸಿದಳು. ಮತ್ತೆ ನಡೆಸಿದಳು.

"ನಡೀತೀನಿ, ನಡೀತೀನಿ," ಎಂದರು ತಂದೆ. "ಬಯ್ಯಬೇಡಿ."

ತಂದೆ ತನಗೆ ಬಹುವಚನ ಹಾಕಿದ್ದು ಕಿವಿಗೆ ಬಿದ್ದಾಗಲೇ ಅವಳು ಅವರನ್ನು ಸರಿಯಾಗಿ ನೋಡಿದ್ದು. ತಲೆ ತಗ್ಗಿತ್ತು. ಎರಡು ಕೈಯೂ ಬೆನ್ನ ಹಿಂದೆ, ಒಂದರ ಮಣಿಕಟ್ಟನ್ನು ಇನ್ನೊಂದು ಹಿಡಿದಿತ್ತು. ಪೈಜಾಮ ಒದ್ದೆಯಾಗಿತ್ತು. ಅವರು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಕೋಟಿನ ಕೆಳಗಿನ ಜೇಬನ್ನು.

"ಸಾಕು ಅಪ್ಪಾ. ಸಾಕು. ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಕೂರಲು ಬರುವುದಿಲ್ಲವೆಂಬುದನ್ನು ಅವಳು ಆ ಗಳಿಗೆಯಲ್ಲಿ ಮರೆತೇಬಿಟ್ಟಿದ್ದಳು. ಕೊರಳಿಗೆ ಕೈಹಾಕಿದಳು. ಗುಂಡಿ ಅಲ್ಲೇ ಇತ್ತು, ಬೆರಳಿಗೆ ಸಿಗಲಿಲ್ಲ. ನೀರಿನೊಳಗಿನ ಮೀನಿನಂತೆ ಸರಿಯಿತು. ಎರಡೂ ಕೈಯಿಂದ ಕಾಲರನ್ನು ಹರಿಯಲು ನೋಡಿದಳು, ಬಟ್ಟೆ ಹರಿಯಲಿಲ್ಲ.

"ಅಪ್ಪಾ, ಇದನ್ನ ಬಿಚ್ಚಿ. ನಾನು. ನಾನು ರುಯಿಲಾನ್."

ಅವರ ಕೈ ಬೆನ್ನ ಹಿಂದಿನಿಂದ ಬರಲಿಲ್ಲ.

ಸಹಾಯಕ್ಕೆ ಕೂಗಬಹುದಿತ್ತು. ಕೂಗಿದರೆ ಬಂದವರೂ ನಿಲ್ಲುತ್ತಾರೆ. ಆಮೇಲೆ ಊರಿಗೆಲ್ಲ ತಿಳಿಯುತ್ತದೆ, ಮಗಳು ಅಪ್ಪನನ್ನು ನಿಲ್ಲಿಸಿದಳು ಎಂದು. ಅವಳು ಕೂಗಲಿಲ್ಲ. ಇಬ್ಬರೂ ಎದುರುಬದುರು ನಿಂತರು. ಅಡುಗೆಮನೆಯಲ್ಲಿ ಇಟ್ಟಿದ್ದ ಚಹಾದ ನೀರು ಕುದಿದು, ಉಕ್ಕಿ, ಒಲೆಯನ್ನು ಆರಿಸಿತು. ಪಕ್ಕದ ಮನೆಯ ಮಗು ಅತ್ತು ಮಲಗಿತು. ತಂದೆಯ ಉಸಿರು ಗೊರಗೊರ ಎನ್ನುತ್ತಿತ್ತು, ಪ್ರತಿ ಉಸಿರಿಗೂ ಅವಳು, ಇದೇ ಕೊನೆಯದೇನೋ ಎಂದು ಕಾದಳು. ಅವರನ್ನು ಬದುಕಿಸಲೆಂದು ತಂದದ್ದೇ ಅವರನ್ನು ತೆಗೆದುಕೊಂಡು ಹೋಗುತ್ತದೆ ಎನ್ನಿಸಿತು. ಕೊನೆಗೆ ಅವಳಿಗೆ ಅಳುವುದಕ್ಕೂ ಆಗಲಿಲ್ಲ. ಬಿಗಿದುಕೊಂಡ ಮೊಣಕಾಲುಗಳು ಮಾತ್ರ ತಮ್ಮಷ್ಟಕ್ಕೆ ಗಡಗಡ ನಡುಗತೊಡಗಿದವು.

ತಲೆ ತಗ್ಗಿಸಿ ನಿಂತವರಿಗೆ ಕಾಣುವುದು ಎದುರಿನವರ ಮೊಣಕಾಲು.

"ರುಯಿಲಾನ್," ಎಂದರು ಫಾಂಗ್ ದೆಶೆಂಗ್, ಬಹಳ ಹೊತ್ತಿನ ಮೇಲೆ. "ನಿನ್ನ ಮಂಡಿ ನಡುಗ್ತಿದೆ."

"ಹೂಂ ಅಪ್ಪಾ."

"ನಿನಗೂ ಕೂರೋಕೆ ಬರ್ತಿಲ್ಲ."

"ಇಲ್ಲ ಅಪ್ಪಾ."

ಅವರು ಕೈ ಬಿಡಿಸಿಕೊಂಡರು. ತಮ್ಮದೇ ಮಣಿಕಟ್ಟಿನಿಂದ ತಮ್ಮ ಬೆರಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವಂತೆ, ನಿಧಾನವಾಗಿ. ಒಂದು ಹೆಜ್ಜೆ ಮುಂದೆ ಬಂದರು. ಆ ಹೆಜ್ಜೆ ಇಡಲು ಯಾರೂ ಹೇಳಿರಲಿಲ್ಲ. ಉಳಿಯ ಗುರುತಿರುವ ಹೆಬ್ಬೆರಳು ಅವಳ ಗಂಟಲಿಗೆ ತಾಕಿತು. ಗುಂಡಿ ಕಾಜದಿಂದ ಹೊರಬಂತು.

ಆಚೆ ದಂಡೆಯವರ ಕಥೆ ಇಲ್ಲಿಗೆ ಮುಗಿಯುತ್ತದೆ: ತಂದೆ ಮಗಳು ಅಪ್ಪಿಕೊಂಡರು, ಮಾರನೆಯ ದಿನ ಇಬ್ಬರೂ ಸಂತೆಗೆ ನಡೆದುಹೋದರು ಎನ್ನುತ್ತಾರೆ. ಹಾಗಾಗಲಿಲ್ಲ. ರುಯಿಲಾನ್ ಕುಸಿದಳು, ಬೀಳುವ ಮುನ್ನ ತಂದೆ ಕಾಲಿನಿಂದ ಒಂದು ಮಣೆಯನ್ನು ಅವಳ ಕೆಳಗೆ ಸರಿಸಿದರು. ಆಮೇಲೆ ಗೋಡೆ ಹಿಡಿದು, ಏದುತ್ತಾ ತಮ್ಮ ಕುರ್ಚಿಗೆ ಹೋದರು. ಕೂರುವ ಮುಂಚೆ ಕುರ್ಚಿಯ ಬೆನ್ನಿಗೆ ಕೈಯೂರಿ ಸ್ವಲ್ಪ ಹೊತ್ತು ನಿಂತಿದ್ದರು.

"ಎಲ್ಲಿಂದ ತಂದೆ ಅಂತ ಕೇಳಲ್ಲ," ಎಂದರು. "ಕತ್ತರಿ ಕೊಡು."

ಆ ದಿನದ ನಂತರ ಅವರು ಮಗಳೊಡನೆ ಮಾತಾಡಲಿಲ್ಲ. ಕೊಟ್ಟದ್ದನ್ನು ಉಂಡರು, ಒರೆಸಿದರೆ ಒರೆಸಿಸಿಕೊಂಡರು, ಬೆಳಿಗ್ಗೆ 'ಕೂತಿದ್ದೀರಾ' ಎಂದರೆ ಕಿಟಕಿಯ ಕಡೆ ತಿರುಗಿದರು. ಏಳಿ ಎಂದು ಅವಳು ಕೇಳಲಿಲ್ಲ, ಕೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ಕೇಳಿ, ಹುಬ್ಬು ಗಂಟಿಕ್ಕಿ ಹೋದರು. ಚಿಯಾವ್ ಅಜ್ಜಿಗೆ ಕೊಟ್ಟ ಮಣೆಯ ಜಾಗ ಗೋಡೆಯ ಬಳಿ ಖಾಲಿಯಾಗಿತ್ತು. ತಂದೆ ಅದನ್ನೇ ನೋಡುತ್ತಾ ಕೂತಿರುತ್ತಿದ್ದರು.

ನಾನು ಆ ಮನೆಗೆ ಹೋದಾಗ ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಅದರ ಮೆತ್ತೆಗೆ ಬೂದಿ ಬೆರೆತ ನೀಲಿ ಬಟ್ಟೆ ಬಿಗಿದಿತ್ತು, ಅಂಚಿನಲ್ಲಿ ಜೇಬಿನ ಮುಚ್ಚಳವೊಂದು ಹಾಗೇ ಉಳಿದಿತ್ತು, ಮೂಗಿಗೆ ಸಣ್ಣಗೆ ಉಪ್ಪಿನಕಾಯಿಯ ವಾಸನೆ ಬಂತು. ಕಥೆ ಪೂರ್ತಿ ಕೇಳಿದ ಮೇಲೆಯೇ ನಾನು ಕೂತಿರುವುದು ಯಾವುದರ ಮೇಲೆ ಎಂದು ನನಗೆ ತಿಳಿದದ್ದು, ಏಳಲು ಹೋದೆ. "ಕೂತಿರಿ," ಎಂದಳು ರುಯಿಲಾನ್. "ಅಪ್ಪ ಅದಕ್ಕೇ ಮಾಡಿದ್ದು." ಮತ್ತು ಅದನ್ನು ಮಾಡಿದ ದಿನದ ಮಾತು ಹೇಳಿದಳು.

ಚಳಿ ಇನ್ನೂ ಬಿಟ್ಟಿರಲಿಲ್ಲ. ಅವಳು ಬನ್ನು ಮಾರಿ ಮನೆಗೆ ಬಂದು ಎಂದಿನಂತೆ ಹೊಸ್ತಿಲಲ್ಲಿ ತಡೆದಳು. ಕೆಮ್ಮು ಕೇಳಿಸಲಿಲ್ಲ. ಇನ್ನೂ ಸ್ವಲ್ಪ ತಡೆದಳು, ಕೇಳಿಸಲಿಲ್ಲ. ಬೀಗ ತೆಗೆಯಲು ಕೈ ಬರಲಿಲ್ಲ. ತೆಗೆದು ಒಳಗೆ ಹೋದರೆ ಕುರ್ಚಿ ಖಾಲಿ. ಕುರ್ಚಿಯ ಆಚೆ ನೆಲವನ್ನು ನೋಡಿದಳು, ಹಾಸಿಗೆಯನ್ನು ನೋಡಿದಳು, ಬಚ್ಚಲನ್ನು ನೋಡಿದಳು. ಆಮೇಲೆ ಹಿತ್ತಲಿನಿಂದ ಸರ್, ಸರ್ ಎಂಬ ಸದ್ದು ಬಂತು.

ಫಾಂಗ್ ದೆಶೆಂಗ್ ಹಲಗೆಗೆ ಕೀಸುಳಿ ಹೊಡೆಯುತ್ತಿದ್ದರು. ಕೂತು ಮಾಡುವ ಕೆಲಸವಲ್ಲ ಅದು. ಸೊಂಟವನ್ನು ಕೆಲಸದ ಮೇಜಿಗೆ ಒರಗಿಸಿ, ಊದಿದ ಪಾದವನ್ನು ಹಳೆಯ ಚಿಂದಿಯಲ್ಲಿ ಸುತ್ತಿ, ಅವರು ನಿಂತಿದ್ದರು. ಕಾಲ ಸುತ್ತ ಮರದ ಸುರುಳಿಗಳು ಬಿದ್ದಿದ್ದವು. ಬಾಗಿಲಲ್ಲಿ ನೆರಳು ಬಿದ್ದದ್ದು ಅವರಿಗೆ ತಿಳಿಯಿತು, ತಲೆಯೆತ್ತಲಿಲ್ಲ.

"ಅಲ್ಲಿ ಯಾಕೆ ನಿಂತಿದ್ದೀಯಾ," ಎಂದರು. "ಕೂತ್ಕೋ."

ಅವಳು ಹೊಸ್ತಿಲ ಮೇಲೆಯೇ ಕೂತಳು. ಅವರು ಇನ್ನೊಂದು ಸುರುಳಿ ತೆಗೆದರು.